ಹನ್ನೊಂದು ಕಂತು, ಒಂದು ಮಳೆ ಜಾಕೆಟ್

ಒಂದೇ ದಿನದಲ್ಲಿ ಹದಿನಾಲ್ಕು ಸಲ. ಕಡಲ ದಂಡೆಯ ಉದ್ದಕ್ಕೂ ಕಂತು ಕಂತಾಗಿ ನಡೆಯುವ ನಮ್ಮ ನಡಿಗೆಯ ನಾಲ್ಕನೇ ಕಂತಿನ ದಿನ ಈ ಜಾಕೆಟ್ಟನ್ನು ನಾನು ಹಾಕಿ ತೆಗೆದ ಲೆಕ್ಕ ಇದು. ಎಣಿಸಿದವಳು ನಾನಲ್ಲ, ನನ್ನ ತಂಗಿ. "ಅಕ್ಕಾ, ಇದು ಹನ್ನೆರಡು", "ಅಕ್ಕಾ, ಇದು ಹದಿಮೂರು" ಅಂತ ಹಿಂದಿನಿಂದ ಕೂಗುತ್ತಾ ಬಂದಳು. ಬೆಳಿಗ್ಗೆ ಹೊರಟಾಗ ಆಕಾಶ ತೊಳೆದಿಟ್ಟ ಹಾಗಿತ್ತು. ಒಂಬತ್ತೂವರೆಗೆ ಸಮುದ್ರದ ಕಡೆಯಿಂದ ಒಂದು ಮೋಡ ಬಂತು, ಐದು ನಿಮಿಷ ಸುರಿದು ಹೋಯಿತು. ಅದರ ಬೆನ್ನಿಗೇ ಸುಡು ಬಿಸಿಲು. ಆಮೇಲೆ ಗಾಳಿ. ಆಮೇಲೆ ಮತ್ತೆ ಮಳೆ, ಈ ಸಲ ಅಡ್ಡಡ್ಡ. ಸಂಜೆಯವರೆಗೂ ಇದೇ ಆಟ.

ಜಾಕೆಟ್ ಮಾರುವವರೆಲ್ಲ ಹೇಳುವುದು ಒಂದೇ, ಎಷ್ಟು ನೀರು ತಡೆಯುತ್ತದೆ ಅನ್ನುವುದು. ಕಡಲ ದಂಡೆಯಲ್ಲಿ ನಡೆಯುವವರು ಕೇಳಬೇಕಾದ್ದು ಬೇರೆ. ಎಷ್ಟು ಬೇಗ ಹಾಕಬಹುದು? ಎಷ್ಟು ಬೇಗ ತೆಗೆಯಬಹುದು? ತೆಗೆಯದೆ ಮೈಮೇಲಿಟ್ಟುಕೊಂಡೇ ಎಷ್ಟು ಗಾಳಿ ಆಡಿಸಿಕೊಳ್ಳಬಹುದು? ಒಂದೂವರೆ ವರ್ಷ, ಹನ್ನೊಂದು ಕಂತು, 172 ಕಿಲೋಮೀಟರ್ ಈ ಜಾಕೆಟ್ ಜೊತೆ ನಡೆದಿದ್ದೇನೆ. ಈ ಮೂರು ಪ್ರಶ್ನೆಗೆ ಅದು ಎಷ್ಟು ಉತ್ತರ ಕೊಟ್ಟಿತು, ಎಲ್ಲಿ ಕೈ ಕೊಟ್ಟಿತು ಅಂತ ಬರೆಯುತ್ತೇನೆ. ಕಂಪನಿ ಹೆಸರು ಹೇಳುವುದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ನನ್ನ ಬಗ್ಗೆ ಎರಡು ಮಾತು, ಯಾಕೆಂದರೆ ನಾನು ಜಾಕೆಟ್ ನೋಡುವ ರೀತಿ ಸ್ವಲ್ಪ ಬೇರೆ. ನಾನು ಹೊಲಿಗೆ ಕೆಲಸದವಳು. ಇಪ್ಪತ್ತಾರು ವರ್ಷ ಮಿಷನ್ ಮುಂದೆ ಕೂತಿದ್ದೇನೆ. ಕೂತು ಕೂತು ಬೆನ್ನು ಹಿಡಿದುಕೊಂಡಿತು. ಡಾಕ್ಟರು "ನಡೀರಿ" ಅಂದರು. ತಂಗಿ "ಸುಮ್ನೆ ಪಾರ್ಕು ಸುತ್ತೋದು ನನ್ನಿಂದಾಗಲ್ಲ, ಸಮುದ್ರದ ಅಂಚಲ್ಲಿ ಉದ್ದಕ್ಕೆ ನಡೆಯೋಣ" ಅಂದಳು. ಇಬ್ಬರಿಗೂ ರಜೆ ಕೂಡಿ ಬಂದಾಗ ಒಂದು ದಿನ, ಜಾಸ್ತಿ ಅಂದರೆ ಎರಡು ದಿನ ನಡೆಯುವುದು. ನಿಲ್ಲಿಸಿದ ಜಾಗದ ಫೋಟೋ ತೆಗೆದಿಟ್ಟುಕೊಳ್ಳುವುದು. ಮುಂದಿನ ಸಲ ಅದೇ ಬಂಡೆಯಿಂದ, ಅದೇ ಕಂಬದಿಂದ ಶುರು. ಒಂದು ಹೆಜ್ಜೆಯೂ ಬಿಡುವ ಹಾಗಿಲ್ಲ, ಅದು ತಂಗಿಯ ಕಾನೂನು. ಸಾಲದ ಕಂತಿನ ಹಾಗೆ ಬಾಕಿ ಕರಗುತ್ತಾ ಹೋಗುತ್ತದೆ, ಅದಕ್ಕೇ ಕಂತು ಅನ್ನುತ್ತೇವೆ. ಇದೇನು ನಾವು ಕಂಡುಹಿಡಿದದ್ದಲ್ಲ ಬಿಡಿ. ವೇಲ್ಸ್‌ನಲ್ಲಿ ಇಡೀ ಕರಾವಳಿಯ ಉದ್ದಕ್ಕೂ ಸುಮಾರು 1,400 ಕಿಲೋಮೀಟರ್ ಕಾಲುದಾರಿ ಇದೆ, 2012ರಲ್ಲಿ ತೆರೆದದ್ದು. ಅದನ್ನೂ ಹೀಗೆ ತುಂಡು ತುಂಡಾಗಿ ನಡೆದು ಮುಗಿಸುವವರಿದ್ದಾರೆ.

ಕಂತಿನಲ್ಲಿ ನಡೆಯುವುದಕ್ಕೆ ಒಂದು ತೊಂದರೆ ಇದೆ. ರಜೆ ಮೊದಲೇ ಗೊತ್ತಾಗಿರುತ್ತದೆ, ಹವಾಮಾನ ಗೊತ್ತಾಗಿರುವುದಿಲ್ಲ. ಬಂದ ದಿನ ಆಕಾಶ ಹೇಗಿದೆಯೋ ಹಾಗೆ ನಡೆಯಬೇಕು.

ಜಾಕೆಟ್ ಮನೆಗೆ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಅದನ್ನು ಒಳಮೈ ಹೊರಗೆ ಮಾಡಿ ಮೇಜಿನ ಮೇಲೆ ಹರಡಿದ್ದು. ಬಟ್ಟೆಯ ಹೊರಮೈ ಯಾರಿಗೆ ಬೇಕು? ಲೇಬಲ್ಲಿನಲ್ಲಿ 10,000 ಮಿಲಿಮೀಟರ್ ಅಂತ ಇತ್ತು. ಬಟ್ಟೆಯ ಮೇಲೆ ಹತ್ತು ಮೀಟರ್ ಎತ್ತರದ ನೀರಿನ ಕಂಬ ನಿಲ್ಲಿಸಿದಷ್ಟು ಒತ್ತಡ ಬೀಳುವವರೆಗೆ ನೀರು ಈಚೆ ಬರುವುದಿಲ್ಲ ಅಂತ ಅದರ ಅರ್ಥ. ಸುರಿಯುವ ಮಳೆಗೆ ಇದು ಧಾರಾಳವಾಗಿ ಸಾಕು. ಆದರೆ ಆ ಪರೀಕ್ಷೆ ಮಾಡುವುದು ಬಟ್ಟೆಯ ತುಂಡಿನ ಮೇಲೆ. ಜಾಕೆಟ್ ಅಂದರೆ ಬರೀ ಬಟ್ಟೆ ಅಲ್ಲವಲ್ಲ. ತೋಳು ಕೂಡಿಸಿದ ಜಾಗ, ಶೋಲ್ಡರ್, ಹುಡ್ ಸೇರುವ ಕತ್ತು, ಜಿಪ್ಪಿನ ಎರಡು ಬದಿ, ಎಲ್ಲ ಕಡೆ ಸೂಜಿ ಹೋಗಿ ಬಂದಿರುತ್ತದೆ. ಒಂದು ಸೆಂಟಿಮೀಟರಿಗೆ ನಾಲ್ಕು ಹೊಲಿಗೆ ಅಂತ ಇಟ್ಟುಕೊಂಡರೂ ಒಂದು ಮೀಟರಿನಲ್ಲಿ ನಾನೂರು ತೂತು.

ಇದು ಹಳೇ ಜಗಳ. ಚಾರ್ಲ್ಸ್ ಮ್ಯಾಕಿಂಟಾಷ್ ಅನ್ನುವವರು 1823ರಲ್ಲಿ ಎರಡು ಬಟ್ಟೆಯ ನಡುವೆ ಕರಗಿಸಿದ ರಬ್ಬರ್ ಬಳಿದು ನೀರು ಇಳಿಯದ ಬಟ್ಟೆ ಮಾಡಿ ಪೇಟೆಂಟ್ ತಗೊಂಡರು. ಬಟ್ಟೆ ಚೆನ್ನಾಗಿಯೇ ಇತ್ತು. ಅದರಲ್ಲಿ ದರ್ಜಿಗಳು ಕೋಟು ಹೊಲಿದರು, ಸೂಜಿ ತೂತಿನಿಂದ ನೀರು ಒಳಗೆ ಬಂತು. ಬೈಸಿಕೊಂಡವರು ಯಾರು? ದರ್ಜಿಗಳು! ಇನ್ನೂರು ವರ್ಷದ ಹಿಂದೆ ನಮ್ಮವರ ತಲೆಗೆ ಕಟ್ಟಿದ ಆ ಅಪವಾದ ನೆನಪಾದಾಗೆಲ್ಲ ನನಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಈಗಿನ ಪರಿಹಾರ ಟೇಪು. ಹೊಲಿಗೆ ಮೇಲೆ ಒಳಗಡೆಯಿಂದ ಒಂದು ಪಟ್ಟಿ ಇಟ್ಟು ಬಿಸಿ ಗಾಳಿಯಲ್ಲಿ ಅಂಟಿಸುತ್ತಾರೆ. ನಾನು ಅಳತೆ ಟೇಪು ಹಿಡಿದು ನೋಡಿದೆ. ಎಲ್ಲ ಹೊಲಿಗೆಗೂ ಟೇಪು ಇತ್ತು. ಕಡಿಮೆ ದರ್ಜೆಯ ಜಾಕೆಟ್ಟಿನಲ್ಲಿ ಭುಜಕ್ಕೆ, ಹುಡ್ಡಿಗೆ ಮಾತ್ರ ಹಾಕಿ ಕೈತೊಳೆದುಕೊಳ್ಳುತ್ತಾರೆ, ಇಲ್ಲಿ ಹಾಗಿರಲಿಲ್ಲ. ಟೇಪಿನ ಅಗಲ 13 ಮಿಲಿಮೀಟರ್. ಹೊಲಿಗೆ ಟೇಪಿನ ನಟ್ಟ ನಡುವೆ ಹೋಗಿದೆಯಾ ಅಂತ ಬೆರಳಲ್ಲಿ ಸವರಿ ನೋಡಿದೆ. ಒಂದು ಕಡೆ ಬಿಟ್ಟು ಉಳಿದೆಡೆ ಸರಿಯಾಗಿತ್ತು. ಆ ಒಂದು ಕಡೆ ಯಾವುದು ಅಂದರೆ ಹುಡ್ ಕತ್ತಿಗೆ ಸೇರುವ ಎಡ ಮೂಲೆ. ಅಲ್ಲಿ ನಾಲ್ಕು ಹೊಲಿಗೆ ಬಂದು ಕೂಡುತ್ತವೆ, ಬಟ್ಟೆ ದಪ್ಪಗಾಗುತ್ತದೆ, ಟೇಪು ಉಬ್ಬಿದ ಹಾಗೆ ಕೂತಿತ್ತು. "ಇದು ಏಳುತ್ತೆ ನೋಡು" ಅಂತ ತಂಗಿಗೆ ಅವತ್ತೇ ಹೇಳಿದ್ದೆ.

ತಂಗಿ ಮೊದಲ ಕಂತಿಗೆ ಕೊಡೆ ತಂದಿದ್ದಳು. ಹೋಗಲಿ ಬಿಡಿ, ಅವಳನ್ನು ನೋಡಿ ನಗಬಾರದು, ನಾನೂ ಮೊದಲು ಅದನ್ನೇ ಯೋಚಿಸಿದ್ದೆ. ಗಾಳಿಯ ಜೋರನ್ನು 0ಯಿಂದ 12ರವರೆಗೆ ಅಳೆಯುವ ಒಂದು ಪಟ್ಟಿ ಇದೆ. ಫ್ರಾನ್ಸಿಸ್ ಬೋಫರ್ಟ್ ಅನ್ನುವ ನೌಕಾಪಡೆಯ ಅಧಿಕಾರಿ 1805ರಲ್ಲಿ ಶುರು ಮಾಡಿದ್ದು. ಆಮೇಲೆ ಅದಕ್ಕೆ ನೆಲದ ಮೇಲಿನ ಗುರುತುಗಳನ್ನೂ ಸೇರಿಸಿದರು. ಅದರಲ್ಲಿ 6ನೇ ಮೆಟ್ಟಿಲಿನ ಗುರುತೇ "ಕೊಡೆ ಹಿಡಿಯುವುದು ಕಷ್ಟ" ಅಂತ. ಗಂಟೆಗೆ ಸುಮಾರು 40ರಿಂದ 50 ಕಿಲೋಮೀಟರ್ ಗಾಳಿ. ಸಮುದ್ರದ ಪಕ್ಕ ಈ ಗಾಳಿ ಬರಲು ಬಿರುಗಾಳಿಯೇ ಬೇಕಾಗಿಲ್ಲ, ಒಂದು ದಪ್ಪ ಮಳೆ ಮೋಡ ತಲೆ ಮೇಲೆ ಬಂದರೆ ಸಾಕು. ತಂಗಿಯ ಕೊಡೆ ಎರಡನೇ ಮೋಡಕ್ಕೇ ಮಗುಚಿಕೊಂಡು ತಾವರೆಯಾಯಿತು. ಒಂದು ಕಡ್ಡಿ ಮುರಿದು ಕೈ ತರಚಿತು. ನನಗೆ ಆ ಪಟ್ಟಿಯಿಂದ ಸಿಕ್ಕ ಲಾಭ ಇನ್ನೊಂದು. ಸಮುದ್ರ ನೋಡಿಯೇ ಗಾಳಿ ಹೇಳಬಹುದು. ಅಲೆಗಳ ತಲೆ ಅಲ್ಲಲ್ಲಿ ಬಿಳಿಯಾಗಲು ಶುರುವಾದರೆ 3, ಆಗಾಗ ಬಿಳಿ ನೊರೆ ಕಂಡರೆ 4, ಎಲ್ಲಿ ನೋಡಿದರೂ ಬಿಳಿ ಅಂದರೆ 5. ದೂರದಲ್ಲಿ ಬಿಳಿ ಪಟ್ಟೆ ದಟ್ಟವಾಗಿ ಹತ್ತಿರ ಬರುತ್ತಿದ್ದರೆ ಜಾಕೆಟ್ ಹಾಕಿಕೊಳ್ಳಲು ಎರಡು ಮೂರು ನಿಮಿಷ ಇದೆ ಅಂತ ಅರ್ಥ.

ಆ ಎರಡು ಮೂರು ನಿಮಿಷದಲ್ಲೇ ಜಾಕೆಟ್ಟಿನ ನಿಜವಾದ ಪರೀಕ್ಷೆ. ಇದು ಮಡಚಿ ತನ್ನದೇ ಜೇಬಿಗೆ ಸೇರುತ್ತದೆ ಅಂತ ಕಂಪನಿಯವರು ದೊಡ್ಡದಾಗಿ ಬರೆದಿದ್ದಾರೆ. ಸೇರುತ್ತದೆ, ನಿಜ. ಮನೆಯ ಮಂಚದ ಮೇಲೆ ಕೂತು ಮಡಚಿದರೆ ಸೇರುತ್ತದೆ. ಗಾಳಿಯಲ್ಲಿ ನಿಂತು, ಒದ್ದೆಯಾದ ಜಾಕೆಟ್ಟನ್ನು, ಮರಳು ಹತ್ತಿದ ಕೈಯಲ್ಲಿ? ಎರಡನೇ ಕಂತಿಗೇ ಆ ಹುಚ್ಚು ಬಿಟ್ಟೆ. ಈಗ ಬ್ಯಾಗಿನ ಮೇಲ್ಮುಚ್ಚಳದ ಕೆಳಗೆ ಸುಮ್ನೆ ತುರುಕುತ್ತೇನೆ, ಕಾಲರ್ ಹೊರಗೆ ಕಾಣುವ ಹಾಗೆ. ಕಾಲರ್ ಹಿಡಿದೆಳೆದರೆ ಇಡೀ ಜಾಕೆಟ್ ಬರುತ್ತದೆ. ಬೆನ್ನನ್ನು ಗಾಳಿಗೆ ಕೊಟ್ಟು ನಿಂತು ಒಂದು ತೋಳು, ಇನ್ನೊಂದು ತೋಳು. ಮುಖ ಗಾಳಿಗೆ ಕೊಟ್ಟರೆ ಜಾಕೆಟ್ ಪಟಪಟ ಹಾರಿ ಹಿಂದಕ್ಕೆ ಹೋಗುತ್ತದೆ. ತೋಳಿನ ಬಾಯಿ ಅಗಲವಾಗಿದೆ, ವಾಚು ಕಟ್ಟಿದ ಕೈಯೂ ಸಿಕ್ಕಿಕೊಳ್ಳದೆ ಹೋಗುತ್ತದೆ. ಮುಂದಿನ ಜಿಪ್ಪಿಗೆ ಉದ್ದನೆಯ ದಾರದ ಎಳೆ ಇದೆ, ಕೈ ಮರಗಟ್ಟಿದ್ದರೂ ಹಿಡಿಯಬಹುದು. ನನ್ನ ಲೆಕ್ಕದಲ್ಲಿ ಬ್ಯಾಗ್ ಇಳಿಸುವುದರಿಂದ ಮತ್ತೆ ಏರಿಸುವವರೆಗೆ ನಲವತ್ತು ಸೆಕೆಂಡು. ಈ ವಿಷಯದಲ್ಲಿ ಜಾಕೆಟ್ಟಿಗೆ ಪೂರ್ತಿ ಅಂಕ.

ಜಿಪ್ ಕೂಡಿಸುವ ಕೆಳತುದಿ ಮಾತ್ರ ನನ್ನ ತಾಳ್ಮೆ ಪರೀಕ್ಷಿಸಿತು. ಇದು ಕೆಳಗಿನಿಂದಲೂ ತೆರೆಯುವ ಎರಡು ರನ್ನರಿನ ಜಿಪ್. ಎರಡೂ ರನ್ನರ್ ಕೆಳಗೆ ಒಂದರ ಮೇಲೊಂದು ಸರಿಯಾಗಿ ಕೂತಿದ್ದರೆ ಮಾತ್ರ ಪಿನ್ ಒಳಗೆ ಹೋಗುತ್ತದೆ. ಮಳೆ ಬೀಳುತ್ತಿರುವಾಗ ಅದನ್ನು ಹೊಂದಿಸುತ್ತಾ ನಿಲ್ಲುವುದು ಅಂದರೆ ಸೂಜಿಗೆ ದಾರ ಪೋಣಿಸಿದ ಹಾಗೆ. ಅದಕ್ಕೆ ನಾನು ಕಂಡುಕೊಂಡ ದಾರಿ, ಜಿಪ್ಪನ್ನು ಪೂರ್ತಿ ಬಿಡಿಸದೇ ಇರುವುದು. ಹೊಟ್ಟೆಯವರೆಗೆ ಇಳಿಸಿ ತಲೆಯ ಮೇಲಿಂದ ತೆಗೆಯುತ್ತೇನೆ, ತಲೆಯ ಮೇಲಿಂದಲೇ ಹಾಕುತ್ತೇನೆ. ನೋಡುವವರಿಗೆ ವಿಚಿತ್ರ. ಪರವಾಗಿಲ್ಲ.

ಈಗ ಬೆವರಿನ ವಿಷಯ. ಮೂರನೇ ಕಂತಿನಲ್ಲಿ ಒಂದೂವರೆ ಗಂಟೆ ಬಿಡದೆ ಮಳೆ. ಮುಗಿಯುವ ಹೊತ್ತಿಗೆ ಒಳಗಿನ ಅಂಗಿ ತೋಳಿನಿಂದ ಬೆನ್ನಿನವರೆಗೆ ಹಸಿ. "ನಿನ್ನ ಹತ್ತು ಸಾವಿರ ಮಿಲಿಮೀಟರ್ ಎಲ್ಲಿ ಹೋಯಿತು ಅಕ್ಕಾ?" ಅಂತ ತಂಗಿ ಕೇಳಿದಳು. ನನಗೂ ಸೋರಿದೆ ಅಂತಲೇ ಅನಿಸಿತು, ವಾಪಸ್ ಕಳಿಸುವ ಮನಸ್ಸೂ ಆಗಿತ್ತು. ಮನೆಗೆ ಬಂದು ಒಂದು ಪರೀಕ್ಷೆ ಮಾಡಿದೆ. ತೋಳಿನೊಳಗೆ ಒಣಗಿದ ಕಾಗದದ ಕರವಸ್ತ್ರ ಸುತ್ತಿಟ್ಟೆ, ಷವರ್ ಕೆಳಗೆ ಹದಿನೈದು ನಿಮಿಷ ನೇತುಹಾಕಿದೆ. ಕಾಗದ ಗರಿಗರಿಯಾಗಿಯೇ ಇತ್ತು. ಅಂದರೆ ಅವತ್ತಿನದು ಮಳೆ ನೀರಲ್ಲ, ನನ್ನದೇ ಬೆವರು.

ಇದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು. ಇಂಥ ಜಾಕೆಟ್ಟಿನ ಬಟ್ಟೆಯಲ್ಲಿ ಮೂರು ಪದರ. ಹೊರಗೆ ನೈಲಾನ್, ಒಳಗೆ ತೆಳು ಜಾಲಿ ಬಟ್ಟೆ, ನಡುವೆ ಪೊರೆ. ಪೊರೆಯಲ್ಲಿ ಒಂದು ಬಗೆ ಬಾಬ್ ಗೋರ್ 1969ರಲ್ಲಿ ಕಂಡುಕೊಂಡದ್ದು. ಬಿಸಿ ಮಾಡಿದ ಪಿಟಿಎಫ್ಇ (ಟೆಫ್ಲಾನ್) ಪ್ಲಾಸ್ಟಿಕ್ಕನ್ನು ನಿಧಾನಕ್ಕೆ ಎಳೆದರೆ ತುಂಡಾಗುತ್ತದೆ, ಝಟ್ಟನೆ ಎಳೆದರೆ ಕಣ್ಣಿಗೆ ಕಾಣದ ಸಣ್ಣ ತೂತುಗಳ ಬಲೆಯಾಗುತ್ತದೆ. ಹನಿ ಹೋಗದು, ಆವಿ ಹೋಗುತ್ತದೆ. ನನ್ನ ಜಾಕೆಟ್ಟಿನದು ಇನ್ನೊಂದು ಬಗೆ, ಪಾಲಿಯುರೆಥೇನ್ ಪೊರೆ. ಅದರಲ್ಲಿ ತೂತೇ ಇಲ್ಲ. ಒಳಗಿನ ತೇವವನ್ನು ಪೊರೆ ತಾನೇ ಹೀರಿಕೊಂಡು ಆಚೆ ಬದಿಗೆ ಸಾಗಿಸುತ್ತದೆ. ಎರಡಕ್ಕೂ ಕಟ್ಟಳೆ ಒಂದೇ. ಒಳಗೆ ಬಿಸಿ, ತೇವ ಜಾಸ್ತಿ ಇರಬೇಕು. ಹೊರಗೆ ತಂಪು, ಒಣ ಇರಬೇಕು. ಆಗ ತೇವ ಒಳಗಿನಿಂದ ಹೊರಗೆ ಹೋಗುತ್ತದೆ. ಬೆಟ್ಟದ ಮೇಲಿನ ಚಳಿಗಾಳಿಯಲ್ಲಿ ಇದು ಸರಿ. ಸಮುದ್ರದ ಪಕ್ಕ ಹೊರಗಿನ ಗಾಳಿಯೇ ಒದ್ದೆ ಬಟ್ಟೆಯ ಹಾಗಿರುತ್ತದೆ, ಜೊತೆಗೆ ಸೆಖೆ. ತೇವ ಎಲ್ಲಿಗೆ ಹೋಗಬೇಕು? ಅಲ್ಲೇ ಕೂರುತ್ತದೆ.

ಹಾಗಾಗಿ "ಉಸಿರಾಡುವ ಬಟ್ಟೆ" ಅನ್ನುವ ಮಾತನ್ನು ಕಡಲ ದಂಡೆಗೆ ಜಾಸ್ತಿ ನಂಬಬೇಡಿ. ಅಲ್ಲಿ ಉಸಿರಾಡುವುದು ಬಟ್ಟೆ ಅಲ್ಲ, ಕಂಕುಳ ಜಿಪ್. ಈ ಜಾಕೆಟ್ಟನ್ನು ನಾನು ಇಟ್ಟುಕೊಂಡಿರುವುದೇ ಅದಕ್ಕಾಗಿ. ಕಂಕುಳ ಕೆಳಗೆ ಎರಡೂ ಬದಿಗೆ 28 ಸೆಂಟಿಮೀಟರ್ ಉದ್ದದ ಜಿಪ್, ಅರ್ಧ ತೋಳಿನ ಮೇಲೆ, ಅರ್ಧ ಪಕ್ಕೆಯ ಮೇಲೆ. ಪೂರ್ತಿ ತೆರೆದು ಮಣಿಕಟ್ಟಿನ ಪಟ್ಟಿಯನ್ನೂ ಸಡಿಲ ಬಿಟ್ಟರೆ ಗಾಳಿ ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಹೊರಡುತ್ತದೆ. ನೇರ ಮಳೆಯಲ್ಲಿ ಇದನ್ನು ತೆರೆದೇ ನಡೆಯಬಹುದು, ಕೈ ಇಳಿಬಿಟ್ಟಿದ್ದರೆ ನೀರು ಒಳಗೆ ಬರುವುದಿಲ್ಲ. ಅಡ್ಡ ಮಳೆ ಬಂದರೆ ಗಾಳಿ ಬೀಸುವ ಬದಿಯದನ್ನು ಮುಚ್ಚಿ ಇನ್ನೊಂದು ಬದಿಯದನ್ನು ತೆರೆದಿಡುತ್ತೇನೆ. ದಂಡೆಯಲ್ಲಿ ನಡೆಯುವಾಗ ಒಂದು ಕಡೆ ಯಾವಾಗಲೂ ಸಮುದ್ರ ತಾನೆ? ಹಗಲು ಹೊತ್ತು ನೆಲ ಬೇಗ ಕಾಯುತ್ತದೆ, ಗಾಳಿ ಸಮುದ್ರದಿಂದ ನೆಲಕ್ಕೆ ಬೀಸುತ್ತದೆ. ನಮಗೆ ಸಮುದ್ರ ಎಡಕ್ಕೆ. ಎಡ ಕಂಕುಳು ಮುಚ್ಚಿ ಬಲ ಕಂಕುಳು ತೆರೆದು ನಡೆದದ್ದೇ ಜಾಸ್ತಿ. ಎಡ ಬದಿಯ ಜಿಪ್ ಹೊಸದರ ಹಾಗೇ ಇದೆ, ಬಲ ಬದಿಯದು ಸವೆದು ಸಡಿಲವಾಗಿದೆ. ಹಣೆಬರಹ!

ಹುಡ್ ಬಗ್ಗೆ ಒಂದು ಚಿಕ್ಕ ಪರೀಕ್ಷೆ ಹೇಳುತ್ತೇನೆ, ಕೊಳ್ಳುವ ಮೊದಲು ಮಾಡಿ. ಹುಡ್ ಹಾಕಿ, ದಾರ ಬಿಗಿದು, ತಲೆಯನ್ನು ಪಕ್ಕಕ್ಕೆ ತಿರುಗಿಸಿ. ಹುಡ್ ಜೊತೆಗೆ ತಿರುಗಿದರೆ ಒಳ್ಳೆಯದು. ತಲೆ ತಿರುಗಿ ಹುಡ್ ಅಲ್ಲೇ ನಿಂತು ನಿಮಗೆ ಅದರ ಒಳಮೈ ಕಂಡರೆ ಬೇಡ. ಅಲೆ ಬರುವ ಬದಿಯನ್ನು ಆಗಾಗ ನೋಡುತ್ತಲೇ ಇರಬೇಕಾದ ಜಾಗದಲ್ಲಿ ಅರ್ಧ ಕುರುಡಾಗುವುದು ಸರಿಯಲ್ಲ. ನನ್ನದರಲ್ಲಿ ಹಿಂದೆ ಬಿಗಿಯುವ ಪಟ್ಟಿ ಇದೆ, ಮುಂದೆ ಗಟ್ಟಿ ಅಂಚಿದೆ, ಚೆನ್ನಾಗಿಯೇ ತಿರುಗುತ್ತದೆ. ಆದರೆ ಕಿವಿ ಮುಚ್ಚಿಹೋಗುತ್ತದೆ. ಮಳೆ ಹನಿ ಬಡಿಯುವ ಸದ್ದಿನಲ್ಲಿ ತಂಗಿ ಏನು ಕೂಗಿದರೂ ಕೇಳಿಸುವುದಿಲ್ಲ. (ಇದನ್ನು ದೂರು ಅಂತ ಬರೆಯಬೇಕೋ ಹೊಗಳಿಕೆ ಅಂತ ಬರೆಯಬೇಕೋ ಅಂತ ಯೋಚಿಸಿದೆ.) ಗುಡುಗು ಕೇಳಿಸದಿದ್ದರೆ ಮಾತ್ರ ಅಪಾಯ. ಮಿಂಚಿ ಮೂರು ಸೆಕೆಂಡಿಗೆ ಗುಡುಗಿದರೆ ಸಿಡಿಲು ಒಂದೇ ಕಿಲೋಮೀಟರ್ ದೂರದಲ್ಲಿದೆ ಅಂತ ಲೆಕ್ಕ. ಬಯಲು ಮರಳಲ್ಲಿ ಎದ್ದು ನಿಂತ ವಸ್ತು ಅಂದರೆ ನಾವೇ. ಮಿಂಚು ಕಂಡ ಕೂಡಲೇ ಹುಡ್ ತೆಗೆದು ಎಣಿಸುತ್ತೇವೆ, ದೂರದಲ್ಲಿದ್ದರೂ ನಡಿಗೆ ನಿಲ್ಲಿಸಿ ಕಟ್ಟಡದೊಳಗೆ ಹೋಗುತ್ತೇವೆ. ಅದಕ್ಕೆ ಯಾವ ಜಾಕೆಟ್ಟೂ ಮದ್ದಲ್ಲ.

ಐದನೇ ಕಂತಿನ ನಂತರ ಶುರುವಾಯಿತು ಉಪ್ಪಿನ ಕಾಟ. ಮನೆಗೆ ಬಂದು ನೇತುಹಾಕಿದ ಜಾಕೆಟ್ ಮೂರು ದಿನವಾದರೂ ಒಣಗಲಿಲ್ಲ. ಮುಟ್ಟಿದರೆ ಅಂಟಂಟು. ಫ್ಯಾನಿನ ಕೆಳಗೆ ಹಾಕಿದೆ, ಒಣಗಿತು, ಮಾರನೇ ದಿನ ಮೋಡ ಕವಿದಾಗ ಮತ್ತೆ ಜಿಗುಟು. ಕಾರಣ ಸಮುದ್ರದ ಉಪ್ಪು. ಅದರಲ್ಲಿರುವ ಮೆಗ್ನೀಸಿಯಂ ಲವಣ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪು ಇರುವವರೆಗೆ ಬಟ್ಟೆ ಪೂರ್ತಿ ಒಣಗುವುದಿಲ್ಲ. ಬರೀ ಜಿಗುಟಲ್ಲ, ಇನ್ನೊಂದು ತಾಪತ್ರಯವೂ ಇದೆ. ಹೊಸ ಜಾಕೆಟ್ ಮೇಲೆ ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತದಲ್ಲ, ಅದು ಬಟ್ಟೆಗೆ ಕೊಟ್ಟ ಮೇಲುಲೇಪ. ಉಪ್ಪು, ಬೆವರಿನ ಎಣ್ಣೆ, ಬ್ಯಾಗಿನ ಪಟ್ಟಿಯ ತಿಕ್ಕಾಟ, ಎಲ್ಲ ಸೇರಿ ಅದನ್ನು ಮಂಕು ಮಾಡುತ್ತವೆ. ಹೊರಬಟ್ಟೆ ನೀರು ಕುಡಿಯುತ್ತದೆ. ಪೊರೆ ಇರುವುದರಿಂದ ನೀರು ಒಳಗೆ ಬಾರದು, ಆದರೆ ಹೊರಗಿನ ಒದ್ದೆ ಪದರ ಒಳಗಿನ ಆವಿಗೆ ಬಾಗಿಲು ಹಾಕುತ್ತದೆ. ಮೊದಲು ಹೀಗಾಗುವುದು ಭುಜದ ಮೇಲೆ, ಬ್ಯಾಗಿನ ಪಟ್ಟಿ ಕೂರುವ ಜಾಗದಲ್ಲಿ.

ಮದ್ದು ಸುಲಭ. ಪ್ರತಿ ಕಂತಿನ ನಂತರ ಸಿಹಿನೀರಲ್ಲಿ ಅದ್ದಿ ಎರಡು ಸಲ ಜಾಲಾಡಿಸುತ್ತೇನೆ. ಜಿಪ್ಪುಗಳನ್ನು ತೆರೆದು ನೀರು ಹಾಯಿಸುತ್ತೇನೆ, ಇಲ್ಲದಿದ್ದರೆ ಹಲ್ಲಿನ ಸಂದಿನಲ್ಲಿ ಉಪ್ಪು ಹರಳುಗಟ್ಟುತ್ತದೆ. ಮೂರು ನಾಲ್ಕು ಕಂತಿಗೊಮ್ಮೆ ಇಂಥ ಬಟ್ಟೆಗೆಂದೇ ಸಿಗುವ ಸೋಪಿನ ದ್ರವದಲ್ಲಿ ತೊಳೆಯುತ್ತೇನೆ. ಮಾಮೂಲಿ ಡಿಟರ್ಜೆಂಟ್ ಬೇಡ, ಬಟ್ಟೆ ಮೃದು ಮಾಡುವ ದ್ರವ ಅಂತೂ ಬೇಡವೇ ಬೇಡ. ಒಣಗಿದ ಮೇಲೆ ಹತ್ತಿ ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ. ಶಾಖ ತಾಗಿದರೆ ಮೇಲುಲೇಪ ಮತ್ತೆ ಚುರುಕಾಗುತ್ತದೆ. ಲೇಬಲ್ಲಿನಲ್ಲಿ ಇಸ್ತ್ರಿ ಗುರುತಿಗೆ ಅಡ್ಡ ಗೀಟು ಎಳೆದಿದ್ದರೆ ಈ ಸಾಹಸ ಬೇಡ. ಮೊದಲ ಸಲ ಇಸ್ತ್ರಿ ಮಾಡಿದ ಮೇಲೆ ಎಡ ಭುಜದ ಮೇಲೆ ಒಂದು ಚಮಚ ನೀರು ಬಿಟ್ಟೆ. ಹನಿ ದುಂಡಗಾಗಿ ನಿಂತಿತು, ತೋಳಿನ ಇಳಿಜಾರಿಗೆ ಬಂದು ಸರ್ರನೆ ಜಾರಿತು. ಹೊಲಿಗೆಯವಳಿಗೆ ಇದಕ್ಕಿಂತ ಚಂದದ ನೋಟ ಇಲ್ಲ.

ಜೇಬುಗಳ ಬಗ್ಗೆ ಬೇಗ ಮುಗಿಸುತ್ತೇನೆ. ಕೆಳಗಿನ ಎರಡು ಜೇಬು ದಂಡ. ಬ್ಯಾಗಿನ ಸೊಂಟಪಟ್ಟಿ ಸರಿಯಾಗಿ ಅವುಗಳ ಮೇಲೆಯೇ ಬರುತ್ತದೆ. ಎದೆಯ ಮೇಲಿನ ಜೇಬು ಒಂದೇ ಕೆಲಸಕ್ಕೆ ಬಂದದ್ದು, ಅದರಲ್ಲಿ ಉಬ್ಬರ ಇಳಿತದ ಪಟ್ಟಿಯ ಚೀಟಿ ಇಟ್ಟುಕೊಳ್ಳುತ್ತೇನೆ. ಮಣಿಕಟ್ಟಿನ ವೆಲ್ಕ್ರೋದಲ್ಲಿ ಮರಳು ಸೇರಿ ಹಿಡಿತ ಹೋಗುತ್ತದೆ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆರೆದರೆ ಸರಿಯಾಗುತ್ತದೆ.

ಆ ಚೀಟಿಯ ಕಥೆ ಹೇಳಲೇಬೇಕು, ಜಾಕೆಟ್ಟಿಗೂ ಅದಕ್ಕೂ ನಂಟಿದೆ. ಏಳನೇ ಕಂತು. ಕಡಲೊಳಗೆ ಚಾಚಿದ ಒಂದು ಬಂಡೆಗುಡ್ಡ, ಅದರ ಬುಡದಲ್ಲಿ ಇಳಿತದಲ್ಲಿ ಮಾತ್ರ ದಾರಿ. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಇಳಿತವೂ ಜಾಸ್ತಿ, ಉಬ್ಬರವೂ ಜಾಸ್ತಿ. ಅವತ್ತು ಹುಣ್ಣಿಮೆಯ ಮಾರನೇ ದಿನ. ಪೂರ್ತಿ ಇಳಿತದ ಹೊತ್ತಿಗೆ ಬಂಡೆ ದಾಟುವ ಲೆಕ್ಕ ಹಾಕಿದ್ದೆವು. ಆದರೆ ದಾರಿಯಲ್ಲಿ ಮಳೆ ಬಂತು. ತಂಗಿ ಆಗ ಕೊಡೆ ಬಿಟ್ಟು ಪಾಂಚೋಗೆ, ಅಂದರೆ ತಲೆಯ ಮೇಲಿಂದ ಇಳಿಬಿಟ್ಟುಕೊಳ್ಳುವ ತೋಳಿಲ್ಲದ ಮಳೆ ಹೊದಿಕೆಗೆ ಬಂದಿದ್ದಳು, ಅದು ತಲೆ ಮೇಲೆ ಮಗುಚಿ ಅವಳು ಕುರುಡಾಗಿ ನಿಲ್ಲುತ್ತಿದ್ದಳು. ಒಂದು ಹಳೇ ಗೋಡೆಯ ಮರೆಯಲ್ಲಿ ಮಳೆ ನಿಲ್ಲಲಿ ಅಂತ ಕಾದೆವು. ಒಂದು ಗಂಟೆ ಹೋಯಿತು. ಇನ್ನೊಂದು ಮೋಡಕ್ಕೆ ಮತ್ತೊಂದು ಗಂಟೆ.

"ಇನ್ನೂ ಎರಡೇ ಗಂಟೆ ತಾನೇ ಆಗಿರೋದು, ನೀರು ಎಷ್ಟು ಏರಿರುತ್ತೆ?" ಅಂದಳು ತಂಗಿ. ನಾವು ತಪ್ಪಿದ್ದೇ ಅಲ್ಲಿ. ನೀರು ಒಂದೇ ಸಮನೆ ಏರುವುದಿಲ್ಲ. ಇಳಿತದಿಂದ ಉಬ್ಬರದವರೆಗಿನ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೇ ಗಂಟೆಗೆ ಮೂರು ಮೂರು, ಆಮೇಲೆ ಎರಡು, ಒಂದು. ನಾವು ಬಂಡೆ ತಲುಪಿದ್ದು ಸರಿಯಾಗಿ ಮೂರನೇ ಗಂಟೆಗೆ, ನೀರು ಓಡಿಬರುವ ಹೊತ್ತಿಗೆ. ಅದೂ ಅಲ್ಲದೆ ಹವೆಯ ಒತ್ತಡ ಒಂದು ಹೆಕ್ಟೋಪ್ಯಾಸ್ಕಲ್ ಇಳಿದರೆ ಸಮುದ್ರ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ, ಗಾಳಿ ದಡದ ಕಡೆ ನೂಕಿದರೆ ಇನ್ನೂ ಮೇಲೆ. ಕೆಟ್ಟ ಹವೆಯ ದಿನ ಚೀಟಿಯಲ್ಲಿ ಬರೆದದ್ದಕ್ಕಿಂತ ನೀರು ಜಾಸ್ತಿಯೇ ಇರುತ್ತದೆ. ಮೂಲೆ ತಿರುಗುವಷ್ಟರಲ್ಲಿ ಮೊಣಕಾಲವರೆಗೆ ಬಂತು. ಒಂದು ಅಲೆ ಸೊಂಟಕ್ಕೆ ಬಡಿಯಿತು. "ಅಕ್ಕಾ, ವಾಪಸ್!" ಅಂದಳು. ವಾಪಸ್ಸಾದೆವು. ಗುಡ್ಡ ಹತ್ತಿ ಸುತ್ತು ಹಾಕಿ ಹೋಗಲು ಎರಡೂವರೆ ಗಂಟೆ ಹಿಡಿಯಿತು.

ಮಳೆ ಜಾಕೆಟ್ ಮೈ ಒಣಗಿಡಲು ಅಂತ ನಾನು ಅಂದುಕೊಂಡಿದ್ದೆ. ಅವತ್ತು ಸೊಂಟದಿಂದ ಕೆಳಗೆ ಪೂರ್ತಿ ಒದ್ದೆ, ಬೆವರಿಗೆ ಮೇಲೂ ಒದ್ದೆ. ಆದರೂ ತಂಗಿಗೂ ಇಂಥದ್ದೇ ಜಾಕೆಟ್ ಇದ್ದಿದ್ದರೆ ಆ ಎರಡು ಗಂಟೆ ಕಾಯಬೇಕಾಗಿಯೇ ಇರಲಿಲ್ಲ ಅಲ್ವಾ? ನಿಲ್ಲದೆ ನಡೆಸುವುದಕ್ಕೆ ಅದು ಬೇಕು.

ಹತ್ತು ತಿಂಗಳಿಗೆ, ಎಂಟನೇ ಕಂತಿನಲ್ಲಿ, ನಾನು ಹೇಳಿದ್ದ ಮೂಲೆಯೇ ಎದ್ದಿತು. ಕತ್ತಿನ ಎಡಗಡೆ ಟೇಪು ನಾಲ್ಕು ಸೆಂಟಿಮೀಟರ್ ಉದ್ದಕ್ಕೆ ಬಾಯಿ ಬಿಟ್ಟಿತ್ತು. ತಣ್ಣನೆಯ ನೀರು ಒಂದೊಂದೇ ಹನಿ ಬೆನ್ನುಹುರಿಯ ಮೇಲೆ ಇಳಿಯುವುದು ಎಂಥ ಹಿಂಸೆ ಅಂತ ಅನುಭವಿಸಿದವರಿಗೇ ಗೊತ್ತು. ವಾರಂಟಿ ಒಂದು ವರ್ಷ ಇತ್ತು. ಫೋಟೋ ತೆಗೆದು ಕಳಿಸಿದೆ. ಇನ್ನೊಂದು ಕೋನದಿಂದ ಕಳಿಸಿ ಅಂದರು. ಕಳಿಸಿದೆ. ಬಿಲ್ ಕಳಿಸಿ ಅಂದರು. ಕಳಿಸಿದೆ. ಮೂರು ವಾರದ ನಂತರ ಉತ್ತರ ಬಂತು. ಉಪ್ಪುನೀರಿನಿಂದ ಆದ ಹಾನಿಗೆ ವಾರಂಟಿ ಅನ್ವಯಿಸುವುದಿಲ್ಲವಂತೆ. ಜಾಕೆಟ್ಟಿನ ಜೊತೆ ಬಂದ ಕಾಗದದಲ್ಲಿ ಒಬ್ಬ ಹುಡುಗಿ ಅದೇ ಜಾಕೆಟ್ ಹಾಕಿಕೊಂಡು ಅಲೆಗಳ ಮುಂದೆ ನಗುತ್ತಾ ನಿಂತಿದ್ದಾಳೆ! ಆ ಕಾಗದದ ಫೋಟೋವನ್ನೂ ಕಳಿಸಿದೆ. ಅದಕ್ಕೆ ಉತ್ತರ ಬರಲಿಲ್ಲ.

ಇನ್ನೇನು ಮಾಡುವುದು, ನಾನೇ ಕೂತೆ. ಎದ್ದ ಟೇಪನ್ನು ಪೂರ್ತಿ ಕಿತ್ತೆ. ಅಂಟಿನ ಉಳಿಕೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ಬಟ್ಟೆಗೆ ಏನೂ ಆಗುವುದಿಲ್ಲ ಅಂತ ನೋಡಿಕೊಂಡೆ. ಬಿಸಿಗೆ ಅಂಟುವ 20 ಮಿಲಿಮೀಟರ್ ಅಗಲದ ಟೇಪು ತರಿಸಿದೆ. ನಾಲ್ಕು ಹೊಲಿಗೆ ಕೂಡುವಲ್ಲಿ ಮೊದಲು ಒಂದು ದುಂಡು ತುಂಡು ಅಂಟಿಸಿ, ಅದರ ಮೇಲೆ ಉದ್ದ ಪಟ್ಟಿ ಹಾಯಿಸಿದೆ. ತುದಿಗಳನ್ನು ಚೌಕವಾಗಿ ಬಿಡದೆ ದುಂಡಗೆ ಕತ್ತರಿಸಿದೆ. ಮೂಲೆ ಇದ್ದರೆ ಅಲ್ಲಿಂದಲೇ ಏಳುವುದು. ಮೇಲೆ ಹತ್ತಿ ಬಟ್ಟೆ ಇಟ್ಟು, ಇಸ್ತ್ರಿಯನ್ನು ಎಳೆಯದೆ, ಹತ್ತು ಸೆಕೆಂಡು ಒತ್ತಿ, ಎತ್ತಿ, ಪಕ್ಕಕ್ಕೆ ಸರಿಸಿ, ಮತ್ತೆ ಒತ್ತಿ. ತಣ್ಣಗಾಗುವವರೆಗೆ ಮೇಲೆ ದಪ್ಪ ಪುಸ್ತಕ. ಇಪ್ಪತ್ತು ನಿಮಿಷದ ಕೆಲಸ. ಅದಾದ ಮೇಲೆ ಮೂರು ಕಂತು ಆಗಿವೆ, ಒಂದು ಹನಿ ಇಳಿದಿಲ್ಲ.

ಹಾಗಾದರೆ ಕೊಳ್ಳಬಹುದಾ? ನೀವು ಬರೀ ಒಂದು ದಿನ ಸಮುದ್ರ ನೋಡಲು ಹೋಗುವವರಾದರೆ ಇದು ಬೇಕಿಲ್ಲ. ತಿಂಗಳು ತಿಂಗಳು ನಡೆಯುವವರಾದರೆ ಕಂಕುಳ ಜಿಪ್ ಇರುವ, ಮೂರು ಪದರದ, ಸೊಂಟ ದಾಟಿ ಕೆಳಗೆ ಬರುವ ಇಂಥದ್ದನ್ನೇ ತಗೊಳ್ಳಿ. ಗಿಡ್ಡ ಜಾಕೆಟ್ಟಿನಿಂದ ಇಳಿದ ನೀರೆಲ್ಲ ತೊಡೆಯ ಮೇಲೆ ಬೀಳುತ್ತದೆ. ಒಂದು ಸೈಜು ದೊಡ್ಡದಿರಲಿ, ಒಳಗೆ ಗಾಳಿಗೆ ಜಾಗ ಬೇಕು. ಒಳಮೈ ತಿರುಗಿಸಿ ಕತ್ತಿನ ಮೂಲೆ ನೋಡದೆ ತಗೊಳ್ಳಬೇಡಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಅರ್ಧ ಅಂಕ ಹೋದದ್ದು ಕೆಳಜೇಬಿಗೆ, ಒಂದು ಅಂಕ ಹೋದದ್ದು ಆ ಉತ್ತರಕ್ಕೆ.

ತಂಗಿ ಹನ್ನೊಂದನೇ ಕಂತಿನವರೆಗೂ ಪಾಂಚೋ ಬಿಡಲಿಲ್ಲ. ಕಳೆದ ವಾರ ಹೇಳದೆ ಕೇಳದೆ ಇದೇ ಜಾಕೆಟ್ ತರಿಸಿದ್ದಾಳೆ, ನನ್ನದಕ್ಕಿಂತ ಒಂದು ಸೈಜು ದೊಡ್ಡದು. ವೀಡಿಯೋ ಕಾಲ್ ಮಾಡಿ ಬಣ್ಣ ತೋರಿಸಲು ಬಂದಳು. "ಬಣ್ಣ ಇರಲಿ, ಒಳಮೈ ತಿರುಗಿಸು" ಅಂದೆ. ತಿರುಗಿಸಿದಳು. ಸ್ಕೇಲ್ ಇಟ್ಟು ನೋಡು ಅಂದೆ. ಟೇಪಿನ ಅಗಲ ಈ ಸಲ 20 ಮಿಲಿಮೀಟರ್, ಕತ್ತಿನ ಮೂಲೆಯಲ್ಲಿ ಒಂದು ದುಂಡು ತುಂಡೂ ಇದೆ.